‘ನಿಲ್ಲಿಸಿ’ ಎನ್ನುವ ಹಕ್ಕು ಯಾರದು?

ಕ್ರೇನ್ ಎಂಬ ಇಂಗ್ಲಿಷ್ ಪದ ಮೊದಲು ಒಂದು ಹಕ್ಕಿಯ ಹೆಸರು. ಉದ್ದ ಕಾಲು, ಉದ್ದ ಕತ್ತಿನ ಆ ಹಕ್ಕಿ ಕೊಕ್ಕು ಚಾಚಿ ನಿಂತ ಭಂಗಿಯಿಂದ ಭಾರ ಎತ್ತುವ ಯಂತ್ರಕ್ಕೂ ಅದೇ ಹೆಸರು ಬಂತು. ಗ್ರೀಕರೂ ಯಂತ್ರಕ್ಕೆ ಹಕ್ಕಿಯ ಹೆಸರನ್ನೇ ಇಟ್ಟಿದ್ದರು. ಕನ್ನಡದಲ್ಲಿ ಅಂಥ ಪದ ಹುಟ್ಟಲಿಲ್ಲ, ಆದರೆ ಯಂತ್ರದ ತತ್ವ ನಮ್ಮ ತೋಟಗಳಲ್ಲೇ ಇತ್ತು. ಏತ ನೋಡಿದವರಿಗೆ ಕ್ರೇನು ಅರ್ಥವಾಗಲು ಹೆಚ್ಚು ಹೊತ್ತು ಬೇಡ. ನಡುವೆ ಒಂದು ಆಧಾರ, ಒಂದು ತುದಿಯಲ್ಲಿ ನೀರಿನ ಸಾಲೆ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ ಅಥವಾ ಮರದ ಮೇಲೆ ಹಿಂದೆ ಮುಂದೆ ನಡೆಯುವ ಮನುಷ್ಯ. ಅವನ ತೂಕ ಬದಲಾಗುವುದಿಲ್ಲ, ನಿಂತ ಜಾಗ ಮಾತ್ರ ಬದಲಾಗುತ್ತದೆ. ಅಷ್ಟಕ್ಕೇ ಏತ ಏಳುತ್ತದೆ, ಬಾಗುತ್ತದೆ.

ಕ್ರೇನಿನ ಚರಿತ್ರೆಯನ್ನು ಸಾಮಾನ್ಯವಾಗಿ ಟನ್ನು ಮತ್ತು ಎತ್ತರಗಳ ಲೆಕ್ಕದಲ್ಲಿ ಹೇಳುತ್ತಾರೆ. ಯಾವ ಕಾಲದಲ್ಲಿ ಎಷ್ಟು ಭಾರ ಎತ್ತಿದರು, ಎಷ್ಟು ಮೇಲಕ್ಕೆ ಎತ್ತಿದರು ಎಂದು. ನಾನು ಅದನ್ನು ಕೆಳಗಿನಿಂದ ಓದಲು ಯತ್ನಿಸಿದ್ದೇನೆ. ಭಾರ ಗಾಳಿಯಲ್ಲಿರುವಾಗ ನೆಲದಲ್ಲಿ ನಿಂತವರು ಯಾರು? ಏನೋ ಸರಿಯಿಲ್ಲ ಎಂದು ಅವರಿಗೆ ಅನ್ನಿಸಿದರೆ ಏನು ಮಾಡಬಹುದಿತ್ತು? ‘ನಿಲ್ಲಿಸಿ’ ಎನ್ನುವ ಹಕ್ಕು ಯಾರ ಬಾಯಲ್ಲಿತ್ತು? ಹೀಗೆ ಓದಿದಾಗ ನಾಲ್ಕು ಶತಮಾನಗಳಲ್ಲಿ ನಡೆದ ಒಂದು ಬದಲಾವಣೆ ಕಾಣುತ್ತದೆ. ಕಟ್ಟಡ ಕೆಲಸದ ಜಾಗಗಳಲ್ಲಿ ಅದು ಇನ್ನೂ ಪೂರ್ತಿ ಆಗಿಲ್ಲ.

ರೋಮಿನ ವಾಸ್ತುಶಿಲ್ಪಿ ವಿಟ್ರುವಿಯಸ್ ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ ಬರೆದ ಗ್ರಂಥದ ಹತ್ತನೆಯ ಭಾಗದಲ್ಲಿ ಭಾರ ಎತ್ತುವ ಯಂತ್ರಗಳ ವಿವರಣೆ ಇದೆ. ಮೂರು ರಾಟೆಯದು, ಐದು ರಾಟೆಯದು, ಕೈಯಿಂದ ತಿರುಗಿಸುವುದು, ದೊಡ್ಡ ಚಕ್ರದೊಳಗೆ ಮನುಷ್ಯರು ನಡೆದು ತಿರುಗಿಸುವುದು. ಈ ಕೊನೆಯ ಬಗೆಯ ಯಂತ್ರ ಹೇಗಿತ್ತೆಂದು ಹಟೇರಿಯಿ ಎಂಬ ರೋಮನ್ ಕುಟುಂಬದ ಸಮಾಧಿಯ ಉಬ್ಬುಶಿಲ್ಪ ತೋರಿಸುತ್ತದೆ. ಅದು ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಕ್ರೇನಿನ ಬುಡದ ಚಕ್ರದೊಳಗೆ ಆಳುಗಳು ತುಳಿಯುತ್ತಿದ್ದಾರೆ. ಯುರೋಪಿನ ಮಧ್ಯಯುಗದ ಚರ್ಚುಗಳನ್ನು ಕಟ್ಟಿದ್ದೂ ಇಂಥ ಚಕ್ರಗಳೇ. ಬ್ರೂಗೆಲ್ 1563ರಲ್ಲಿ ಬರೆದ ಬೇಬೆಲ್ ಗೋಪುರದ ಚಿತ್ರದಲ್ಲಿ ಅಂಥ ಕ್ರೇನನ್ನು ನೋಡಬಹುದು. ಜರ್ಮನಿಯ ಕಲೋನ್ ಕಥೀಡ್ರಲಿನ ಕೆಲಸ ನಡುವೆ ನಿಂತುಹೋದಾಗ ಅರ್ಧ ಕಟ್ಟಿದ ಗೋಪುರದ ನೆತ್ತಿಯ ಮೇಲೆ ಉಳಿದ ಮರದ ಕ್ರೇನು 1868ರವರೆಗೂ ಅಲ್ಲೇ ಇತ್ತು. ಶತಮಾನಗಳ ಕಾಲ ಊರಿನ ಗುರುತೇ ಅದಾಗಿತ್ತು.

ಚಕ್ರದೊಳಗೆ ನಡೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಚಕ್ರಗಳಿಗೆ ನಮ್ಮ ಕಾಲದ ಬ್ರೇಕು ಇರಲಿಲ್ಲ. ಭಾರವನ್ನು ತಡೆದು ಹಿಡಿದಿದ್ದುದು ಒಳಗಿದ್ದವರ ಹೆಜ್ಜೆಯೇ. ಒಬ್ಬ ಎಡವಿದರೆ ಅಥವಾ ಹಗ್ಗ ಜಾರಿದರೆ ಕಲ್ಲು ಕೆಳಗೆ ಓಡುತ್ತದೆ, ಚಕ್ರ ಹಿಂದಕ್ಕೆ ಗಿರಗಿರನೆ ತಿರುಗುತ್ತದೆ, ಒಳಗಿದ್ದವರು ಒನಕೆಗೆ ಸಿಕ್ಕ ಕಾಳಾಗುತ್ತಾರೆ. ಒಂದು ಅನುಕೂಲವಿತ್ತು. ಎತ್ತುವವರ ಮೈಗೇ ಭಾರ ತಿಳಿಯುತ್ತಿತ್ತು. ಕಲ್ಲು ಎಲ್ಲಿಗಾದರೂ ತಗುಲಿಕೊಂಡರೆ ಮೊದಲು ಗೊತ್ತಾಗುತ್ತಿದ್ದುದು ಅವರ ಕಾಲಿಗೆ.

ಈ ಜಗತ್ತಿನ ಒಂದು ದೊಡ್ಡ ಎತ್ತುವ ಕೆಲಸ ನಡೆದದ್ದು 1586ರಲ್ಲಿ, ರೋಮಿನಲ್ಲಿ. ಈಜಿಪ್ಟಿನಿಂದ ಸಾವಿರದೈನೂರು ವರ್ಷಗಳ ಹಿಂದೆ ತಂದಿದ್ದ ಏಕಶಿಲಾ ಸ್ತಂಭವೊಂದು ಸೇಂಟ್ ಪೀಟರ್ ಚರ್ಚಿನ ಪಕ್ಕದಲ್ಲಿ ನಿಂತಿತ್ತು. 25 ಮೀಟರಿಗೂ ಹೆಚ್ಚು ಎತ್ತರ, 300 ಟನ್ನಿಗೂ ಹೆಚ್ಚು ತೂಕ. ಅದನ್ನು ಸುಮಾರು ಕಾಲು ಕಿಲೋಮೀಟರು ದೂರದ ಚೌಕಕ್ಕೆ ಸರಿಸಿ ನಿಲ್ಲಿಸಬೇಕೆಂದು ಪೋಪ್ ಐದನೆಯ ಸಿಕ್ಸ್‌ಟಸ್ ಅಪ್ಪಣೆ ಮಾಡಿದ. ಕೆಲಸ ವಹಿಸಿಕೊಂಡವನು ಡೊಮೆನಿಕೊ ಫಾಂಟಾನಾ. ಅವನು ಸ್ತಂಭದ ಸುತ್ತ ದಪ್ಪ ತೊಲೆಗಳ ದೊಡ್ಡ ಚೌಕಟ್ಟು ಕಟ್ಟಿಸಿದ. ಮೇಲಿನ ರಾಟೆಗಳಿಂದ ಹಗ್ಗಗಳು ಇಳಿದು ಸುತ್ತಲಿನ ಸುಮಾರು 40 ತಿರುಗಣೆಗಳಿಗೆ ಹೋಗುತ್ತಿದ್ದವು. ನಮ್ಮ ಗಾಣವನ್ನು ಎತ್ತು ಸುತ್ತಿದಂತೆ ಆ ತಿರುಗಣೆಗಳನ್ನು ಕುದುರೆಗಳೂ ಆಳುಗಳೂ ಸುತ್ತಬೇಕಿತ್ತು. ಏಪ್ರಿಲ್ 30ರ ಮೊದಲ ಎತ್ತುವಿಕೆಗೆ ಸುಮಾರು 900 ಮಂದಿ ಮತ್ತು 75 ಕುದುರೆಗಳು ಸೇರಿದ್ದವು.

ಫಾಂಟಾನಾನ ನಿಜವಾದ ಸಮಸ್ಯೆ ಬಲದ್ದಲ್ಲ, ಹೊಂದಾಣಿಕೆಯದು. ಒಂದು ತಿರುಗಣೆ ಬೇಗ ಸುತ್ತಿದರೆ ಆ ಹಗ್ಗದ ಮೇಲೆ ಭಾರವೆಲ್ಲ ಬೀಳುತ್ತದೆ, ಅದು ಹರಿದರೆ ಪಕ್ಕದ್ದು ಹರಿಯುತ್ತದೆ. ಹಾಗಾಗಿ ಅವನು ಎರಡು ಸದ್ದುಗಳನ್ನು ಗೊತ್ತು ಮಾಡಿದ. ಕಹಳೆ ಊದಿದರೆ ಎಲ್ಲರೂ ಎಳೆಯಬೇಕು. ಗಂಟೆ ಬಾರಿಸಿದರೆ ಎಲ್ಲರೂ ನಿಲ್ಲಿಸಬೇಕು. ಈ ಎರಡು ಸದ್ದು ಕೇಳಿಸಬೇಕಾದರೆ ಉಳಿದ ಸದ್ದು ಇರಬಾರದು. ಬೇಲಿಯೊಳಗೆ ಅಪ್ಪಣೆಯಿಲ್ಲದೆ ಕಾಲಿಟ್ಟವರಿಗೆ ಮರಣದಂಡನೆ, ಮಾತಾಡಿದವರಿಗೂ ಸದ್ದು ಮಾಡಿದವರಿಗೂ ಉಗ್ರ ಶಿಕ್ಷೆ ಎಂದು ಶಾಸನ ಹೊರಟಿತು. ಚೌಕಟ್ಟಿನ ಕೆಳಗೆ ದುಡಿಯುವ ಬಡಗಿಗಳ ತಲೆಗೆ, ಮೇಲಿಂದ ಏನಾದರೂ ಬಿದ್ದೀತೆಂದು, ಕಬ್ಬಿಣದ ಶಿರಸ್ತ್ರಾಣ ಕೊಡಿಸಲಾಗಿತ್ತು. ಕೆಲಸದ ಜಾಗಕ್ಕೆ ಬೇಲಿ, ಒಬ್ಬನೇ ಸಂಕೇತ ಕೊಡುವುದು, ತಲೆಗೆ ರಕ್ಷಣೆ. ಇವತ್ತಿನ ಸುರಕ್ಷತಾ ಫಲಕದಲ್ಲಿರುವ ಮೂರು ಮುಖ್ಯ ಅಂಶಗಳು 1586ರಲ್ಲೇ ಇದ್ದವು.

ಮೊದಲ ಎಳೆತಕ್ಕೇ ಚೌಕಟ್ಟು ಭಾರಿ ಸದ್ದು ಮಾಡಿತು. ಕೂಡಲೇ ಗಂಟೆ ಬಾರಿಸಿತು. ನೋಡಿದರೆ ಸ್ತಂಭಕ್ಕೆ ಬಿಗಿದಿದ್ದ ಕಬ್ಬಿಣದ ಪಟ್ಟಿ ತುಂಡಾಗಿತ್ತು. ಅದನ್ನು ಸರಿಪಡಿಸಿಯೇ ಕೆಲಸ ಮುಂದುವರಿಯಿತು. ಸೆಪ್ಟೆಂಬರ್ 10ರಂದು ಸ್ತಂಭ ಹೊಸ ಜಾಗದಲ್ಲಿ ನೆಟ್ಟಗೆ ನಿಂತಿತು.

ಈ ಸಂಗತಿಗೆ ಅಂಟಿಕೊಂಡು ಒಂದು ದಂತಕತೆ ಬೆಳೆದಿದೆ. ಸ್ತಂಭ ಏಳುತ್ತಿರುವಾಗ ಹಗ್ಗಗಳು ಬಿಸಿಯಾಗಿ ಸಡಿಲಗೊಂಡವಂತೆ. ಎಲ್ಲರೂ ಕಾಣುತ್ತಿದ್ದರೂ ಯಾರೂ ಬಾಯಿ ಬಿಡಲಿಲ್ಲ. ಆಗ ಗುಂಪಿನಲ್ಲಿದ್ದ ಸ್ಯಾನ್‌ರೆಮೊ ಊರಿನ ನಾವಿಕ ಬ್ರೆಸ್ಕಾ ಎಂಬವನು ‘ಹಗ್ಗಕ್ಕೆ ನೀರು ಹಾಕಿ’ ಎಂದು ಕೂಗಿದ. ಸೆಣಬಿನಂಥ ನಾರಿನ ಹಗ್ಗ ನೆನೆದರೆ ಬಿಗಿಯಾಗುತ್ತದೆ ಎಂಬುದು ಹಡಗಿನವನಿಗೆ ಗೊತ್ತಿದ್ದ ವಿಷಯ. ನೀರು ಹಾಕಿದರು, ಸ್ತಂಭ ಉಳಿಯಿತು. ಪೋಪ್ ಅವನನ್ನು ದಂಡಿಸುವ ಬದಲು, ಗರಿಗಳ ಭಾನುವಾರಕ್ಕೆ ತಾಳೆಗರಿ ಒದಗಿಸುವ ಹಕ್ಕನ್ನು ಅವನ ಮನೆತನಕ್ಕೆ ಕೊಟ್ಟನಂತೆ. ಫಾಂಟಾನಾ 1590ರಲ್ಲಿ ಈ ಕೆಲಸದ ಬಗ್ಗೆ ಬರೆದ ವಿವರವಾದ ಪುಸ್ತಕದಲ್ಲಿ ಬ್ರೆಸ್ಕಾನ ಸುದ್ದಿಯೇ ಇಲ್ಲ. ಆದರೂ ಜನ ಈ ಕತೆಯನ್ನು ಬಿಡಲಿಲ್ಲ. ಯಾಕೆಂದು ನನಗೆ ಅರ್ಥವಾಗುತ್ತದೆ. ಫಾಂಟಾನಾನ ವ್ಯವಸ್ಥೆಯಲ್ಲಿ ಗಂಟೆ ಇತ್ತು, ಆದರೆ ಅದರ ಹಗ್ಗ ಒಬ್ಬನ ಕೈಯಲ್ಲಿತ್ತು. ಮುಖ್ಯಸ್ಥನ ಕಣ್ಣಿಗೆ ಬೀಳದ್ದು ಕೆಳಗಿನವನ ಕಣ್ಣಿಗೆ ಬಿದ್ದರೆ ಏನು ಗತಿ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಜನ ತಮ್ಮ ಉತ್ತರವನ್ನು ಕತೆಯಾಗಿ ಸೇರಿಸಿಕೊಂಡರು.

ಯಂತ್ರಯುಗ ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಬಿಗಡಾಯಿಸಿತು. ವಿಲಿಯಂ ಆರ್ಮ್‌ಸ್ಟ್ರಾಂಗ್ 1846ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲಿ ನೀರಿನ ಒತ್ತಡದ ಕ್ರೇನು ನಿಲ್ಲಿಸಿದ. ಹಬೆಯ ಕ್ರೇನುಗಳು ರೈಲು ಹಳಿಯ ಮೇಲೆ ಓಡಿದವು. ಇಪ್ಪತ್ತನೆಯ ಶತಮಾನದಲ್ಲಿ ಕ್ರೇನು ಲಾರಿಯ ಬೆನ್ನೇರಿತು, ಆಮೇಲೆ ಡೀಸೆಲ್ ಎಂಜಿನ್ನು ಮತ್ತು ಎಣ್ಣೆಯ ಒತ್ತಡದಿಂದ ಚಾಚಿಕೊಳ್ಳುವ ತೋಳು ಬಂದವು. ಇದರಿಂದ ಎರಡು ಬದಲಾವಣೆಗಳಾದವು. ಮೊದಲನೆಯದು, ಭಾರ ಎತ್ತುವವನ ಮೈಗೆ ಭಾರ ತಿಳಿಯುವುದು ನಿಂತಿತು. ಅವನು ಗಾಜಿನ ಗೂಡಿನಲ್ಲಿ ಕುಳಿತು ಸನ್ನೆಕೋಲು ಎಳೆಯುತ್ತಾನೆ. ‘ಐಸಾ’ ಎಂದು ಒಟ್ಟಿಗೆ ಕೂಗಿ ಒಟ್ಟಿಗೆ ಎಳೆಯುವ ಕಾಲದಲ್ಲಿ ಕೈಯೂ ಕಣ್ಣೂ ಒಂದೇ ಕಡೆ ಇದ್ದವು. ಈಗ ಎತ್ತುವ ಕೈ ಗೂಡಿನಲ್ಲಿ, ನೋಡುವ ಕಣ್ಣು ನೆಲದಲ್ಲಿ, ನಡುವೆ ಎಂಜಿನ್ನಿನ ಗದ್ದಲ. ಆ ಅಂತರವನ್ನು ತುಂಬಲು ಕೈಸನ್ನೆಗಳು ಬಂದವು. ಬೆರಳು ಮೇಲೆ ಮಾಡಿ ಸುತ್ತಿದರೆ ಎತ್ತು. ಬೆರಳು ಕೆಳಗೆ ಮಾಡಿ ಸುತ್ತಿದರೆ ಇಳಿಸು. ಹೆಬ್ಬೆರಳು ಮೇಲಾದರೆ ತೋಳು ಮೇಲೆ. ತೋಳು ಚಾಚಿ, ಅಂಗೈ ಕೆಳಗೆ ಮಾಡಿ ಅಡ್ಡಲಾಗಿ ಬೀಸಿದರೆ ನಿಲ್ಲಿಸು. ಎರಡೂ ಕೈ ಬೀಸಿದರೆ ಈ ಕ್ಷಣವೇ ನಿಲ್ಲಿಸು.

ಎರಡನೆಯ ಬದಲಾವಣೆ ನೆಲದ್ದು. ಕಲೋನಿನ ಕ್ರೇನು ಶತಮಾನಗಳ ಕಾಲ ಒಂದೇ ಜಾಗದಲ್ಲಿತ್ತು. ಲಾರಿಯ ಕ್ರೇನು ಇವತ್ತು ಇಲ್ಲಿ, ನಾಳೆ ಅಲ್ಲಿ. ನಿಂತಲ್ಲೆಲ್ಲ ಅದಕ್ಕೆ ಹೊಸ ತಳಪಾಯ ಬೇಕು. ಅದಕ್ಕಾಗಿಯೇ ನಾಲ್ಕು ಬದಿಗೆ ಕಾಲುಗಳನ್ನು ಚಾಚಿ, ಅವುಗಳ ಅಡಿಗೆ ಮರದ ದಿಮ್ಮಿ ಅಥವಾ ಉಕ್ಕಿನ ಹಲಗೆ ಕೊಟ್ಟು, ಚಕ್ರಗಳನ್ನೇ ನೆಲದಿಂದ ಎತ್ತಿ ನಿಲ್ಲಿಸುತ್ತಾರೆ. ಮೊನ್ನೆ ಪೈಪು ಹಾಕಿ ಮುಚ್ಚಿದ ಗುಂಡಿಯ ಮೇಲೆ ಒಂದು ಕಾಲು ಬಿದ್ದರೆ ಸಾಕು. ಇನ್ನೊಂದು ಅಪಾಯ ಹೆಸರಿನಲ್ಲೇ ಇದೆ. 50 ಟನ್ನಿನ ಕ್ರೇನು ಎಂದರೆ 50 ಟನ್ ಎತ್ತುತ್ತದೆ ಎಂದು ಕೇಳಿದವರು ತಿಳಿಯುತ್ತಾರೆ. ಅದು ಎತ್ತುವುದು ತೋಳು ಗಿಡ್ಡವಿದ್ದು, ಭಾರ ಮೈಗೆ ಹತ್ತಿರವಿದ್ದಾಗ ಮಾತ್ರ. ತೋಳು ದೂರ ಚಾಚಿದಂತೆ ಅದೇ ಕ್ರೇನಿನ ಶಕ್ತಿ ಕೆಲವೇ ಟನ್ನಿಗೆ ಇಳಿಯುತ್ತದೆ. ಏತದ ಮರದ ಮೇಲೆ ನಡೆಯುವವನ ಲೆಕ್ಕವೇ ಇದು. ಎಷ್ಟು ದೂರದಲ್ಲಿ ಎಷ್ಟು ಭಾರ ಎಂಬ ಪಟ್ಟಿ ಪ್ರತಿ ಕ್ರೇನಿನ ಗೂಡಿನಲ್ಲಿರಬೇಕು. ಆ ಪಟ್ಟಿ ಸಮತಟ್ಟಾದ ಗಟ್ಟಿ ನೆಲವನ್ನು ನಂಬಿ ಬರೆದದ್ದು. ಗಾಳಿಗೂ ಅದರಲ್ಲಿ ಮಿತಿ ಇರುತ್ತದೆ.

ಆ ಮಿತಿ ದಾಟಿದರೆ ಏನಾಗುತ್ತದೆಂದು 1999ರ ಜುಲೈ 14ರಂದು ಅಮೆರಿಕದ ಮಿಲ್ವಾಕಿ ನಗರ ಕಂಡಿತು. ಅಲ್ಲಿ ಮಿಲ್ಲರ್ ಪಾರ್ಕ್ ಎಂಬ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ತೆರೆದು ಮುಚ್ಚುವ ಛಾವಣಿ ಏರಿಸುತ್ತಿದ್ದರು. ಕ್ರೇನಿನ ಅಡ್ಡಹೆಸರು ‘ಬಿಗ್ ಬ್ಲೂ’. ಸರಪಳಿ ಪಟ್ಟಿಗಳ ಮೇಲೆ ಚಲಿಸುವ ಅದರ ಎತ್ತರ 170 ಮೀಟರಿಗೂ ಹೆಚ್ಚು. ಅಂದು ಎತ್ತಿದ ಛಾವಣಿಯ ತುಂಡು ಸುಮಾರು 400 ಟನ್. ಸಂಜೆ ಐದು ಗಂಟೆ ದಾಟಿತ್ತು. ಆ ಕ್ರೇನು ತಡೆಯಬಹುದಾದ ಗಾಳಿಯ ಮಿತಿ ಗಂಟೆಗೆ ಸುಮಾರು 32 ಕಿ.ಮೀ. ಅಂದಿನ ಗಾಳಿಯ ಹೊಡೆತ 40 ದಾಟಿತ್ತು. ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ. ಆದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಒತ್ತಡ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ಕ್ರೇನಿನ ಮೈಗೆ ಬೀಸುವ ಗಾಳಿಯನ್ನು ಲೆಕ್ಕ ಹಾಕಿದ್ದರು. ಎತ್ತಿದ ಛಾವಣಿಯೇ ಹಾಯಿಯಂತೆ ಹಿಡಿಯುವ ಗಾಳಿಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕ್ರೇನಿನ ತೋಳು ಮೇಲಿಂದ ಕೆಳಗಿನ ಭಾರಕ್ಕೆ ಗಟ್ಟಿ, ಪಕ್ಕದ ಎಳೆತಕ್ಕೆ ದುರ್ಬಲ. ಬಿಗ್ ಬ್ಲೂ ಮಡಚಿ ಬಿತ್ತು. ಛಾವಣಿ ಜೋಡಿಸಲು ಇನ್ನೊಂದು ಕ್ರೇನಿನ ಬುಟ್ಟಿಯಲ್ಲಿ ಕಾದಿದ್ದ ಮೂವರು ಉಕ್ಕಿನ ಕೆಲಸಗಾರರು ಸತ್ತರು. ಅಂದು ಅಲ್ಲೇ ಇದ್ದ ಸರ್ಕಾರಿ ಸುರಕ್ಷತಾ ತಪಾಸಕರ ಕ್ಯಾಮೆರಾದಲ್ಲಿ ಈ ಕುಸಿತ ಪೂರ್ತಿ ದಾಖಲಾಯಿತು. 2000ದ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಾಲಯದ ಜ್ಯೂರಿ ಮೃತರ ಕುಟುಂಬಗಳಿಗೆ 9.9 ಕೋಟಿ ಡಾಲರ್ ಪರಿಹಾರ ಘೋಷಿಸಿ, ಛಾವಣಿ ಕಟ್ಟುವ ಹೊಣೆ ಹೊತ್ತಿದ್ದ ಕಂಪನಿಯ ಮೇಲೆ ಬಹುಪಾಲು ತಪ್ಪು ಹೊರಿಸಿತು.

ಗಾಳಿ ಬೀಸುತ್ತಿದೆ ಎಂಬುದು ತಿಳಿಯಲು ಯಾವ ವಿಜ್ಞಾನವೂ ಬೇಡ. ಬುಟ್ಟಿಯಲ್ಲಿದ್ದ ಮೂವರ ಮುಖಕ್ಕೇ ಅದು ಬಡಿಯುತ್ತಿತ್ತು. ಗೊತ್ತಾಗುವ ಜಾಗವೊಂದು, ತೀರ್ಮಾನವಾಗುವ ಜಾಗ ಮತ್ತೊಂದು.

ನಮ್ಮ ದೇಶದ ಒಂದು ಪ್ರಸಂಗವನ್ನೂ ಹೇಳಬೇಕು. 2009ರ ಜುಲೈ 12ರ ಬೆಳಗಿನ ಜಾವ ದಕ್ಷಿಣ ದೆಹಲಿಯ ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೋ ಸೇತುವೆಯ ಭಾಗ ಕುಸಿದು ಆರು ಮಂದಿ ಸತ್ತರು. ದೆಹಲಿ ಮೆಟ್ರೋದ ಮುಖ್ಯಸ್ಥ ಇ. ಶ್ರೀಧರನ್ ಅಂದೇ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಸರ್ಕಾರ ಅದನ್ನು ಒಪ್ಪಲಿಲ್ಲ. ಎಲ್ಲರಿಗೂ ನೆನಪಿರುವುದು ಇಷ್ಟೇ. ಮರುದಿನ ನಡೆದದ್ದು ಮರೆತುಹೋಗಿದೆ. ಜುಲೈ 13ರಂದು ಬಿದ್ದ ಗರ್ಡರಿನ ಅವಶೇಷ ಎತ್ತಲು ತಂದ ಕ್ರೇನುಗಳೇ ಟಿ.ವಿ. ಕ್ಯಾಮೆರಾಗಳ ಎದುರು ಮಗುಚಿ ಬಿದ್ದವು. ಮತ್ತಷ್ಟು ಜನಕ್ಕೆ ಗಾಯವಾಯಿತು. ಒಂದು ಭಾರವನ್ನು ಹಲವು ಕ್ರೇನುಗಳು ಎತ್ತುವಾಗ ಒಂದು ಸೋತರೆ ಅದರ ಪಾಲು ಪಕ್ಕದ್ದಕ್ಕೆ ಹೋಗುತ್ತದೆ. ಫಾಂಟಾನಾನ ತಿರುಗಣೆಗಳ ಭಯವೇ ಇಲ್ಲೂ ಇದೆ. ಅವಘಡವಾದ ಜಾಗದಲ್ಲಿ ಆತುರ ಹೆಚ್ಚು, ಸುತ್ತ ಜನ ಹೆಚ್ಚು, ಮೇಲಿನಿಂದ ಒತ್ತಡ ಹೆಚ್ಚು. ‘ಸ್ವಲ್ಪ ತಡೆಯಿರಿ’ ಎನ್ನುವುದು ಅತ್ಯಂತ ಕಷ್ಟವಾಗುವುದೂ ಅಲ್ಲೇ.

ಈ ಮಾತು ಹೇಳಲು ಧೈರ್ಯ ಕೊಡುವ ನಿಯಮಗಳು ನಿಧಾನವಾಗಿ ಬಂದವು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ ಕಟ್ಟಡ ಸುರಕ್ಷತಾ ಒಡಂಬಡಿಕೆ, ಗಂಭೀರ ಅಪಾಯ ಎದುರಿಗಿದೆ ಎಂದು ನಂಬಲು ಕಾರಣವಿದ್ದರೆ ಕಾರ್ಮಿಕ ಅಲ್ಲಿಂದ ದೂರ ಸರಿಯಬಹುದು ಎಂಬ ಹಕ್ಕನ್ನು ಬರೆದಿಟ್ಟಿತು. ಅಮೆರಿಕದಲ್ಲಿ 1971ರಿಂದ ನಡೆದು ಬಂದ ಹಳೆಯ ಕ್ರೇನು ನಿಯಮಗಳನ್ನು ಬದಲಿಸಲು 2003ರಲ್ಲಿ ಸಮಿತಿ ಕುಳಿತಿತು. ಸಮಿತಿ ಮರುವರ್ಷವೇ ಕರಡು ಮುಗಿಸಿದರೂ ಅದು ಕಡತದಲ್ಲಿ ಉಳಿಯಿತು. 2008ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಎರಡು ಕ್ರೇನುಗಳು ಬಿದ್ದು ಒಂಬತ್ತು ಮಂದಿ ಸತ್ತರು. ಹೊಸ ನಿಯಮ ಜಾರಿಯಾದದ್ದು 2010ರ ನವೆಂಬರಿನಲ್ಲಿ. ಅದರಲ್ಲಿ ನೂರಾರು ಅಂಶಗಳಿವೆ: ನೆಲದ ಗಟ್ಟಿತನ, ವಿದ್ಯುತ್ ತಂತಿಯಿಂದ ದೂರ, ಚಾಲಕನ ಅರ್ಹತೆ, ಎತ್ತಿದ ಭಾರದ ಕೆಳಗೆ ಯಾರೂ ಇರಬಾರದು. ನನ್ನ ಕಣ್ಣು ನಿಂತದ್ದು ಎರಡು ಸಣ್ಣ ವಾಕ್ಯಗಳ ಮೇಲೆ. ನಿಲ್ಲಿಸು ಎಂಬ ಸಂಕೇತವನ್ನು ಯಾರೇ ಕೊಡಲಿ, ಚಾಲಕ ಪಾಲಿಸಲೇಬೇಕು ಎನ್ನುತ್ತದೆ ಒಂದು. ಸುರಕ್ಷತೆಯ ಬಗ್ಗೆ ಅನುಮಾನ ಬಂದರೆ ಕೆಲಸ ನಿಲ್ಲಿಸುವ ಅಧಿಕಾರ ಚಾಲಕನಿಗೆ ಇರಲೇಬೇಕು ಎನ್ನುತ್ತದೆ ಇನ್ನೊಂದು. ಎತ್ತು, ಇಳಿಸು, ತಿರುಗಿಸು ಎನ್ನುವವನು ಒಬ್ಬನೇ ಇರಬೇಕು, ಆದರೆ ನಿಲ್ಲಿಸು ಎನ್ನುವವರು ಯಾರೂ ಆಗಬಹುದು. ಕಹಳೆ ಒಬ್ಬನ ಕೈಯಲ್ಲೇ ಉಳಿಯಿತು, ಗಂಟೆಯ ಹಗ್ಗ ಮಾತ್ರ ಎಲ್ಲರ ಕೈಗೆ ಬಂತು. ಇದಕ್ಕೆ 400ಕ್ಕೂ ಹೆಚ್ಚು ವರ್ಷ ಬೇಕಾಯಿತು.

ಭಾರತದಲ್ಲಿ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು 1998ರ ನಿಯಮಗಳು ಕ್ರೇನಿನ ಮೇಲೆ ಸುರಕ್ಷಿತ ಭಾರದ ಗುರುತು, ಅರ್ಹರಿಂದ ಪರೀಕ್ಷೆ, ತರಬೇತಾದ ಸಂಕೇತಗಾರ ಎಲ್ಲವನ್ನೂ ಕೇಳಿದವು. ಆದರೆ ನಮ್ಮ ಕೆಲಸದ ಜಾಗಗಳ ಸ್ಥಿತಿಯೇ ಬೇರೆ. ಇಲ್ಲಿ ಅತಿ ಹೆಚ್ಚು ಕಾಣುವುದು ‘ಹೈಡ್ರಾ’. ಮುಂದೆ ತೋಳು ಚಾಚಿ, ಭಾರ ತೂಗಿಸಿಕೊಂಡೇ ನಡೆಯುವ ಗಿಡ್ಡ ಕ್ರೇನು. ಕೆಟ್ಟ ಲಾರಿ ಎಳೆಯಲೂ ಅದೇ, ಗಣಪತಿಯನ್ನು ನೀರಿಗೆ ಬಿಡಲೂ ಅದೇ. ತೋಳೂ ಭಾರವೂ ಚಾಲಕನ ಮುಂದೆಯೇ ಇರುವುದರಿಂದ ಅವನಿಗೆ ಎದುರಿಗಿರುವವರು ಪೂರ್ತಿ ಕಾಣುವುದಿಲ್ಲ. ಭಾರ ಅಲ್ಲಾಡದಿರಲೆಂದು ಪಕ್ಕದಲ್ಲಿ ಹಗ್ಗ ಹಿಡಿದು, ಎಷ್ಟೋ ಸಲ ಬರಿಗೈಯಲ್ಲೇ ಹಿಡಿದು, ಒಬ್ಬ ಹೆಲ್ಪರ್ ಹೆಜ್ಜೆ ಹಾಕುತ್ತಿರುತ್ತಾನೆ. ನೆಲ ಏರುಪೇರಾದರೆ ಭಾರ ಮೊದಲು ವಾಲುವುದು ಅವನ ಕಡೆಗೆ.

ಇಂಥ ಹೆಲ್ಪರುಗಳ ತರಬೇತಿಗೆ ನಾನು ಕೆಲವು ಸಲ ಅನುವಾದಕನಾಗಿ ಹೋಗಿದ್ದೇನೆ. ತರಬೇತುದಾರರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರುವ ಕೆಲಸ. ಅಲ್ಲಿ ನನಗೆ ಸಿಕ್ಕ ಮೊದಲ ಬೆರಗು ಪದಗಳದು. ಕ್ರೇನಿನ ಖಲಾಸಿಗಳು ಎತ್ತು ಎನ್ನಲು ‘ಹಬೇಸ್’ ಎನ್ನುತ್ತಾರೆ, ಇಳಿಸು ಎನ್ನಲು ‘ಆರಿಯಾ’. ಆರಿಯಾ ಬಂದದ್ದು ಪೋರ್ಚುಗೀಸ್ ಭಾಷೆಯಿಂದ. ಹಾಯಿ ಹಡಗುಗಳ ಭಾರತೀಯ ನಾವಿಕರು ಆಡುತ್ತಿದ್ದ ಲಸ್ಕರಿ ಮಾತು ಅದು. ಥಾಮಸ್ ರೋಬಕ್ ಎಂಬವನು 1811ರಲ್ಲಿ ಅಂಥ ಮಾತುಗಳ ನಿಘಂಟನ್ನೇ ಮಾಡಿದ್ದ. ಹಡಗಿನ ಹಗ್ಗದ ಮಾತು ಇವತ್ತು ಹೊರವರ್ತುಲ ರಸ್ತೆಯ ಸೇತುವೆ ಕೆಲಸದಲ್ಲಿ ಬದುಕಿದೆ. ಹಗ್ಗದ ಗುಟ್ಟು ಬಲ್ಲ ಬ್ರೆಸ್ಕಾನೂ ನಾವಿಕನೇ ಎಂಬುದು ಆಗ ನೆನಪಾಗಿತ್ತು.

ಎರಡನೆಯದು ಒಂದು ಪ್ರಶ್ನೆ. ಯಾರು ಬೇಕಾದರೂ ನಿಲ್ಲಿಸಬಹುದು ಎಂಬ ಮಾತನ್ನು ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಯಾದಗಿರಿ ಕಡೆಯ ಒಬ್ಬ ಹುಡುಗ ಎದ್ದು ನಿಂತ. “ನಾ ಕೈ ಮಾಡಿದ್ರ ಡ್ರೈವರ್ ನಿಲ್ಲಸ್ತಾನೇನ್ರಿ ಸರ್? ನಿಲ್ಲಿಸಿದ ಮ್ಯಾಲ ಏನೂ ಆಗಲಿಲ್ಲ ಅಂದ್ರ ಬೈಸಿಕೊಳ್ಳೋರು ಯಾರ್ರೀ?” ಎಂದ. ತರಬೇತುದಾರರಿಗೆ ಇದನ್ನು ಹಿಂದಿಗೆ ತಿರುಗಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೈಯುವುದಿಲ್ಲ ಎಂದು ನಿಮ್ಮ ಎಂಜಿನಿಯರ್ ಈಗಲೇ, ಇಲ್ಲೇ, ಎಲ್ಲರ ಮುಂದೆ ಹೇಳಲಿ” ಎಂದರು. ಎಂಜಿನಿಯರು ಎದ್ದು ಹೇಳಿದರು. ಹುಡುಗ ಅವರ ಮುಖವನ್ನೇ ನೋಡುತ್ತಿದ್ದ. ನಂಬಿದನೋ ಇಲ್ಲವೋ ನಾನು ಹೇಳಲಾರೆ.

ಅವನ ಪ್ರಶ್ನೆಯಲ್ಲಿ ಇಡೀ ವಿಷಯ ಅಡಗಿದೆ. ಸುಮ್ಮನಿರುವುದಕ್ಕೆ ಅವನಿಗೆ ಕಾರಣಗಳಿವೆ. ದಿನಗೂಲಿ, ಗುತ್ತಿಗೆದಾರನ ಕೈಕೆಳಗಿನ ಉಪಗುತ್ತಿಗೆದಾರ, ಅರ್ಥವಾಗದ ಭಾಷೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಂದ ಕ್ರೇನು. ಒಂದು ಸಲ ಸುಳ್ಳು ಅಪಾಯಕ್ಕೆ ಕೈ ಬೀಸಿ ಬೈಸಿಕೊಂಡವನು ನಿಜವಾದ ಅಪಾಯಕ್ಕೂ ಕೈ ಎತ್ತಲಾರ. ಹಾಗಾಗಿ ನಿಯಮದ ಪುಸ್ತಕಕ್ಕಿಂತ ಮುಖ್ಯವಾದದ್ದು, ಅನವಶ್ಯಕವಾಗಿ ಕ್ರೇನು ನಿಲ್ಲಿಸಿದವನಿಗೆ ಅಂದು ಸಂಜೆ ಸಿಗುವ ಉತ್ತರ. ಕೆಲವು ಒಳ್ಳೆಯ ಕೆಲಸದ ಜಾಗಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ಸೇರಿಸಿ ಅಂದಿನ ಎತ್ತುವಿಕೆ ವಿವರಿಸುತ್ತಾರೆ, ಸಂಕೇತಗಾರ ಯಾರೆಂದು ತೋರಿಸುತ್ತಾರೆ, ತೋಳು ಸುತ್ತುವ ಜಾಗಕ್ಕೆ ಪಟ್ಟಿ ಕಟ್ಟುತ್ತಾರೆ. ಆಮೇಲೆ ಎಲ್ಲರಿಂದಲೂ ನಿಲ್ಲಿಸು ಎಂಬ ಕೈಸನ್ನೆಯನ್ನು ಒಮ್ಮೆ ಮಾಡಿಸುತ್ತಾರೆ. ಇದಕ್ಕೆ ಹತ್ತು ನಿಮಿಷ ಸಾಕು.

ಚರಿತ್ರೆಯ ವಿದ್ಯಾರ್ಥಿಗಳು ರೋಮಿಗೆ ಹೋದರೆ ಆ ಸ್ತಂಭವನ್ನು ನೋಡದೆ ಬರುವುದಿಲ್ಲ. ಅಲ್ಲಿಗೆ ಹೋಗಲಾಗದವರು ತಮ್ಮ ಊರಿನಲ್ಲೇ ಮೇಲ್ಸೇತುವೆಯ ಕೆಲಸ ನಡೆಯುವ ರಸ್ತೆಯಲ್ಲಿ, ಪಟ್ಟಿಯ ಆಚೆ ನಿಂತು ಐದು ನಿಮಿಷ ನೋಡಬಹುದು. ತೋಳಿನ ತುದಿಯನ್ನು ಎಲ್ಲರೂ ನೋಡುತ್ತಾರೆ. ಹಗ್ಗ ಹಿಡಿದವನ ಕಣ್ಣು ಎಲ್ಲಿದೆ, ಅವನು ಕೈ ಎತ್ತಿದರೆ ಯಾರಿಗೆ ಕಾಣುತ್ತದೆ ಎಂಬುದನ್ನೂ ಗಮನಿಸಿ.